ಹೂಳೆತ್ತಿದ ಕೆರೆಯಲ್ಲಿ ಹಕ್ಕಿಗಳಿಗೆ ಜಾಗ: ತೆಪ್ಪ ಕಟ್ಟಿದ್ದು, ದಡ ಇಳಿಸಿದ್ದು

ತುಮಕೂರು ಜಿಲ್ಲೆಯ ನಮ್ಮೂರ ಕೆರೆಯಲ್ಲಿ ಹಕ್ಕಿಗಳಿಗಾಗಿ ಎರಡು ಕೆಲಸ ಮಾಡಿದೆವು. ಒಂದು, ನೀರಿನ ಮೇಲೆ ತೇಲುವ ತೆಪ್ಪ, ಅದರ ಮೇಲೆ ಜೊಂಡು. ಇನ್ನೊಂದು, ಹೂಳೆತ್ತುವಾಗ ನೆಟ್ಟಗೆ ಕಡಿದು ಬಿಟ್ಟಿದ್ದ ದಡವನ್ನು ಮತ್ತೆ ಇಳಿಜಾರು ಮಾಡಿದ್ದು. ತೆಪ್ಪ ಮುಗಿದಿದೆ, ದಡ ಅರ್ಧದಲ್ಲಿದೆ. ಅಕ್ಕಪಕ್ಕದ ಊರಿನವರು ಅಳತೆ ಎಷ್ಟು, ಖರ್ಚು ಎಷ್ಟು ಅಂತ ಕೇಳುತ್ತಾ ಇದ್ದಾರೆ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಯಾವುದು ಕೆಟ್ಟಿತು, ಯಾಕೆ ಕೆಟ್ಟಿತು ಅನ್ನೋದನ್ನೂ ಬರೆದಿದ್ದೇನೆ. ಇದೇ ಕೆಲಸ ಮಾಡುವವರಿಗೆ ದುಡ್ಡು ಉಳಿಸೋದು ಆ ಭಾಗವೇ.

ಕೆರೆಗೆ ಏನಾಗಿತ್ತು

ಹೂಳೆತ್ತುವುದಕ್ಕೆ ಮುಂಚೆ ನಮ್ಮ ಕೆರೆ ತಟ್ಟೆಯ ಹಾಗಿತ್ತು, ಆಮೇಲೆ ಬಕೆಟ್ ಆಯಿತು. ಏರಿಯ ಎದುರು ಕಡೆ, ಹಳ್ಳ ಬಂದು ಸೇರುವ ಜಾಗದಲ್ಲಿ, ಮೊದಲು ನೀರು ಪಾದ ಮುಳುಗುವಷ್ಟರಿಂದ ಶುರುವಾಗಿ ನಿಧಾನವಾಗಿ ಆಳ ಆಗುತ್ತಿತ್ತು. ಅಲ್ಲಿ ಜೊಂಡು ಇತ್ತು, ಕೆಸರು ಇತ್ತು, ನೀರಿನ ಮಧ್ಯೆ ಕರಿಜಾಲಿ ಮರಗಳಿದ್ದ ಒಂದು ಸಣ್ಣ ದಿಬ್ಬ ಇತ್ತು. ಹೂಳೆತ್ತಿದವರು ದಿಬ್ಬ ತೆಗೆದರು, ಜೊಂಡು ತೆಗೆದರು, ಅಂಚನ್ನು ಒಂದೇ ಏಟಿಗೆ 5 ಅಡಿ ಆಳಕ್ಕೆ ನೆಟ್ಟಗೆ ಕಡಿದರು. ನೀರು ಜಾಸ್ತಿ ನಿಂತಿತು, ಬೋರ್‌ವೆಲ್‌ಗಳಿಗೆ ಒಳ್ಳೆಯದಾಯಿತು, ಅದನ್ನು ಇಲ್ಲ ಅನ್ನೋಕಾಗಲ್ಲ. ಆದರೆ ಕೆರೆ ತುಂಬಿದ ಮೇಲೂ ಹಕ್ಕಿ ಬರಲಿಲ್ಲ. ನೀರುಕಾಗೆ ಬಂತು, ಹೆಜ್ಜಾರ್ಲೆ ಒಂದೆರಡು ದಿನ ಇದ್ದು ಹೋದವು. ಇವೆಲ್ಲ ಆಳದ ನೀರಲ್ಲಿ ಈಜಿ ಮೀನು ಹಿಡಿಯುವವು. ನಿಂತು ತಿನ್ನುವ ಹಕ್ಕಿಗಳಿಗೆ ಕಾಲಿಡೋಕೆ ಜಾಗವೇ ಇರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಬರೀ ಒಂದು ಕೆರೆಯ ಮಾತಲ್ಲ. ಸಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಮರಿಗೆ ಮೀನು ತರೋದು ಆ ಮರದಿಂದಲ್ಲ, ಸುತ್ತಲಿನ ಕೆರೆಗಳಿಂದ. ಬಣ್ಣದ ಕೊಕ್ಕರೆ ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಅದ್ದಿಕೊಂಡು ನಡೆಯುತ್ತಾ, ಮೀನು ತಾಗಿದ ತಕ್ಷಣ ಕಚ್ಚುತ್ತೆ. ನಡೆಯೋಕೆ ಆಗುವಷ್ಟೇ ನೀರು ಬೇಕು ಅದಕ್ಕೆ. ಎಲ್ಲಾ ಕೆರೆಯ ಅಂಚನ್ನೂ ನೆಟ್ಟಗೆ ಕಡಿದರೆ ಮರ ಉಳಿದರೂ ಊಟ ಇರಲ್ಲ. ಈ ಕೆಲಸಕ್ಕೆ ಕೈ ಹಾಕಿದ್ದೇ ಇದಕ್ಕೆ.

ಆಗಸ್ಟ್, ಸೆಪ್ಟೆಂಬರ್: ಅಳತೆ ಮತ್ತು ಅನುಮತಿ

ಮೊದಲ ಕೆಲಸ ಆಳ ನೋಡಿದ್ದು. ಒಂದು ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಮೀನು ಹಿಡಿಯುವವರ ಹರಿಗೋಲಲ್ಲಿ ಕೂತು ಅಲ್ಲಲ್ಲಿ ಇಳಿಬಿಟ್ಟು ಬರೆದುಕೊಂಡೆವು. ತೆಪ್ಪ ನಿಲ್ಲಿಸಬೇಕು ಅಂದುಕೊಂಡ ಜಾಗ ದಡದಿಂದ ಸುಮಾರು 150 ಅಡಿ ದೂರ. ಕೆರೆ ತುಂಬಿದಾಗ ಅಲ್ಲಿ 12 ಅಡಿ ನೀರು, ಏಪ್ರಿಲ್ ಹೊತ್ತಿಗೆ 8 ಅಡಿ. ಈ ಎರಡು ಅಂಕಿ ಎಷ್ಟು ಮುಖ್ಯ ಅನ್ನೋದು ಮುಂದೆ ಗೊತ್ತಾಗುತ್ತೆ. ದಡಕ್ಕೆ ಹತ್ತಿರ ನಿಲ್ಲಿಸಿದರೆ ನಾಯಿ ಈಜಿಕೊಂಡು ಹೋಗುತ್ತೆ, ಹುಡುಗರೂ ಹೋಗುತ್ತಾರೆ.

ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ಮೊದಲೇ ತಿಳಿದುಕೊಳ್ಳಿ. ಸಣ್ಣ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿ ಕಡೆ, ದೊಡ್ಡವು ಸಣ್ಣ ನೀರಾವರಿ ಇಲಾಖೆ ಕಡೆ. ಬಾಯಿಮಾತಿನ ಒಪ್ಪಿಗೆ ಸಾಲದು, ಕಾಗದ ಬೇಕು. ಮೀನಿನ ಟೆಂಡರ್ ಯಾರು ಹಿಡಿದಿದ್ದಾರೋ ಅವರ ಜೊತೆ ಬೇರೆಯಾಗಿ ಕೂತು ಮಾತಾಡಬೇಕು. ನಮ್ಮಲ್ಲಿ ಅವರು ಒಂದೇ ಪ್ರಶ್ನೆ ಕೇಳಿದರು. "ಅಲ್ಲಣ್ಣ, ಹಕ್ಕಿ ಜಾಸ್ತಿಯಾದ್ರೆ ನಮ್ ಮೀನ್ ಗತಿ ಏನು?" ನ್ಯಾಯವಾದ ಪ್ರಶ್ನೆ. ತೆಪ್ಪದ ಕೆಳಗೆ ಇಳಿಬಿದ್ದ ಬೇರುಗಳಲ್ಲಿ ಮರಿ ಮೀನು ಬಚ್ಚಿಟ್ಟುಕೊಳ್ಳುತ್ತವೆ, ದಡದ ತೆಳು ನೀರಲ್ಲಿ ಹಕ್ಕಿ ತಿನ್ನೋದು ಹೆಚ್ಚಾಗಿ ಹುಳ, ಬಸವನಹುಳು, ಪುಡಿ ಮೀನು ಅಂತ ವಿವರಿಸಿದೆವು. ಕೊನೆಗೆ ತೆಪ್ಪದ ಸುತ್ತ 60 ಅಡಿಯೊಳಗೆ ಬಲೆ ಬಿಡುವುದಿಲ್ಲ ಅಂತ ಒಪ್ಪಿದರು. ಇದು ಸಣ್ಣ ವಿಷಯ ಅಲ್ಲ. ಮುಳುಗಿ ಈಜುವ ಗುಳುಮುಳುಕ, ನೀರುಕಾಗೆಗಳು ಸಣ್ಣ ನೂಲಿನ ಬಲೆಗೆ ಸಿಕ್ಕಿ ನೀರೊಳಗೇ ಉಸಿರುಗಟ್ಟಿ ಸಾಯುತ್ತವೆ.

ಅಕ್ಟೋಬರ್: ಮೊದಲ ತೆಪ್ಪ

ಅಳತೆ 8 ಅಡಿ ಉದ್ದ, 6 ಅಡಿ ಅಗಲ. 4 ಇಂಚಿನ ಪಿವಿಸಿ ಪೈಪನ್ನು ಚೌಕಟ್ಟಿನ ಹಾಗೆ ನಾಲ್ಕು ಮೂಲೆಗೂ ಎಲ್ಬೋ ಹಾಕಿ ಅಂಟಿಸಿದೆವು. ಮೇಲೆ ಬಿದಿರು ದಬ್ಬೆಯ ಜಾಲರಿ, ಅದರ ಮೇಲೆ ತೆಂಗಿನ ನಾರಿನ ಚಾಪೆ. ನಾರಿಗೆ ನಮ್ಮ ಕಡೆ ಕೊರತೆ ಇಲ್ಲ, ತಿಪಟೂರು ಸುತ್ತಮುತ್ತ ನಾರಿನ ಫ್ಯಾಕ್ಟರಿಗಳೇ ಇವೆ.

ಕೆಟ್ಟಿದ್ದು ಒಂದು: ಮಣ್ಣು. ಜೊಂಡು ನೆಡೋಕೆ ಅಂತ ಕೆರೆಯದೇ ಹೂಳು ಹಾಕಿದೆವು. ಎರಡು ಬುಟ್ಟಿ ಹಾಕುವಷ್ಟರಲ್ಲಿ ಪೈಪು ಪೂರ್ತಿ ನೀರೊಳಗೆ ಹೋಯಿತು. ಲೆಕ್ಕ ಸರಳ. 4 ಇಂಚಿನ ಪೈಪು ಮೀಟರಿಗೆ ಒಂಬತ್ತೂವರೆ ಕೆಜಿ ಎತ್ತಿ ಹಿಡಿಯುತ್ತೆ, ಅದರದೇ ತೂಕ ಕಳೆದರೆ ಉಳಿಯೋದು ಎಂಟೂವರೆ. ಈ ಚೌಕಟ್ಟಿನ ಸುತ್ತಳತೆ ಎಂಟೂವರೆ ಮೀಟರ್, ಅಂದರೆ ಒಟ್ಟು 72 ಕೆಜಿ. ಒದ್ದೆ ಬಿದಿರು, ಒದ್ದೆ ನಾರೇ ಅದರಲ್ಲಿ ಮೂರನೇ ಒಂದು ಭಾಗ ತಿಂದುಬಿಡುತ್ತೆ. ಒದ್ದೆ ಹೂಳು ಬುಟ್ಟಿಗೆ 25 ಕೆಜಿ. ತೇಲುವ ತೆಪ್ಪಕ್ಕೆ ಮಣ್ಣು ಬೇಡವೇ ಬೇಡ. ಮಣ್ಣು ತೆಗೆದು ಬರೀ ನಾರು ತುಂಬಿದ ಮೇಲೆ ಮೂರು ಇಂಚು ಮೇಲೆ ಬಂತು.

ಕೆಟ್ಟಿದ್ದು ಎರಡು: ಹಗ್ಗ. ಒಂದೇ ಲಂಗರು, ಒಂದೇ ಹಗ್ಗ. ಅಕ್ಟೋಬರ್‌ನಲ್ಲಿ ಕೆರೆ ತುಂಬಿತ್ತು, ಹಗ್ಗ ಬಿಗಿಯಾಗಿಯೇ ಇತ್ತು. ನೀರು ಇಳಿದಂತೆಲ್ಲ ಹಗ್ಗ ಸಡಿಲ ಆಯಿತು, ತೆಪ್ಪ ಗಾಳಿಗೆ ಸುತ್ತತೊಡಗಿತು, ಹಗ್ಗ ಲಂಗರಿಗೆ ಸುತ್ತಿಕೊಂಡು ಉಜ್ಜಿ ಉಜ್ಜಿ ಹರಿಯಿತು. ತೆಪ್ಪ ಹೋಗಿ ಏರಿಯ ಕಲ್ಲಿಗೆ ಬಡಿಯಿತು.

ಕೆಟ್ಟಿದ್ದು ಮೂರು: ಒಂದೇ ಗಾಳಿಕೋಣೆ. ಕಲ್ಲಿಗೆ ಬಡಿದಾಗ ಬಿರುಕು ಬಿಟ್ಟಿದ್ದು ಒಂದೇ ಮೂಲೆಯ ಎಲ್ಬೋ. ಆದರೆ ನಾಲ್ಕೂ ಪೈಪುಗಳು ಒಂದಕ್ಕೊಂದು ಸೇರಿಕೊಂಡಿದ್ದರಿಂದ ಎಲ್ಲದರೊಳಗೂ ನೀರು ತುಂಬಿತು. ತೆಪ್ಪ ಪೂರ್ತಿ ಹೋಯಿತು. ಉಳಿದಿದ್ದು ಬಿದಿರು ಮಾತ್ರ.

ಜನವರಿ: ಎರಡನೇ ತೆಪ್ಪ

ಈಗ ಕೆರೆಯಲ್ಲಿರೋದು ಇದೇ. ಅಳತೆ 10 ಅಡಿ ಉದ್ದ, 6 ಅಡಿ ಅಗಲ. 10 ಅಡಿ ಯಾಕೆ ಅಂದರೆ ಪೈಪು 20 ಅಡಿ ಉದ್ದ ಬರುತ್ತೆ, ಸರಿಯಾಗಿ ಎರಡು ತುಂಡು, ವೇಸ್ಟ್ ಇಲ್ಲ.

ಮಾಡಿದ ಕ್ರಮ ಹೀಗೆ. ಮೂರು ಪೈಪು ಕತ್ತರಿಸಿ ಆರು ತುಂಡು ಮಾಡಿದೆವು. ಪ್ರತಿ ತುಂಡಿನ ಎರಡೂ ತುದಿಗೆ ಕ್ಯಾಪ್ ಅಂಟಿಸಿದೆವು, ಅಂದರೆ ಪ್ರತಿ ಪೈಪಿಗೂ ತನ್ನದೇ ಗಾಳಿ. ಒಂದು ಒಡೆದರೂ ಉಳಿದ ಐದು ಹಿಡಿದಿರುತ್ತವೆ. ಅಂಟು ಹಚ್ಚುವ ಮುಂಚೆ ಪೈಪಿನ ತುದಿಯನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಬೇಕು, ಅಂಟಿಸಿದ ಮೇಲೆ ಒಂದು ದಿನ ಮುಟ್ಟಬಾರದು. ಆಮೇಲೆ ಪ್ರತಿ ಪೈಪನ್ನೂ ನೀರಿನ ತೊಟ್ಟಿಯಲ್ಲಿ ಒತ್ತಿ ಹಿಡಿದು ಗುಳ್ಳೆ ಬರುತ್ತಾ ನೋಡಿದೆವು. ಒಂದರಲ್ಲಿ ಬಂತು, ಮತ್ತೆ ಅಂಟಿಸಿದೆವು. ಇಷ್ಟಾದ ಮೇಲೆ ಆರೂ ಪೈಪನ್ನು ಅಡ್ಡಡ್ಡ ಬಿದಿರು ಇಟ್ಟು ತೆಂಗಿನ ಹುರಿಯಿಂದ ಕಟ್ಟಿದೆವು. ಕಬ್ಬಿಣದ ತಂತಿಯಿಂದ ಬಿಗಿದರೆ ಪೈಪಿಗೆ ಗಾಯ ಆಗುತ್ತೆ, ತಂತಿ ಬಿದಿರು ಬಿದಿರು ಸೇರುವ ಕಡೆ ಮಾತ್ರ ಹಾಕಿದೆವು.

ಪಿವಿಸಿ ಬಿಸಿಲಿಗೆ ಬಿದ್ದರೆ ಪೆಡಸಾಗಿ ಪುಡಿ ಉದುರುತ್ತೆ. ಹಕ್ಕಿಗೆ ಅಂತ ಮಾಡಿ ಕೆರೆಗೆ ಪ್ಲಾಸ್ಟಿಕ್ ಪುಡಿ ಸೇರಿಸೋದು ಬೇಡ. ಅದಕ್ಕೆ ನಾರಿನ ಚಾಪೆಯನ್ನು ಪೈಪಿನ ಮೇಲಿಂದ ಸುತ್ತಿ ಕೆಳಗೆ ಮಡಚಿ ಕಟ್ಟಿದೆವು, ಹೊರಗೆ ಕಾಣುವ ಪೈಪು ಒಂದು ಇಂಚೂ ಇಲ್ಲ. ಥರ್ಮಕೋಲ್ ಹಾಕಿ ಅಂತ ತುಂಬಾ ಜನ ಹೇಳಿದರು, ಅಗ್ಗವೂ ಹೌದು. ಬೇಡ. ಅದು ಕಾಳು ಕಾಳಾಗಿ ಒಡೆದು ಕೆರೆ ತುಂಬಾ ಹರಡುತ್ತೆ, ಮೀನು, ಹಕ್ಕಿ ಎರಡೂ ನುಂಗುತ್ತವೆ.

ಎರಡು ಪಕ್ಕಕ್ಕೂ ಬಿದಿರು ತಟ್ಟಿಯನ್ನು ಓರೆಯಾಗಿ ನೀರೊಳಗೆ ಇಳಿಯುವ ಹಾಗೆ ಕಟ್ಟಿದೆವು. ತೆಪ್ಪದ ಅಂಚು ನೀರಿಗಿಂತ ಮೂರು ಇಂಚು ಮೇಲಿದ್ದರೆ ದೊಡ್ಡ ಹಕ್ಕಿ ಹತ್ತುತ್ತೆ, ಮೊಟ್ಟೆಯೊಡೆದು ಬಂದ ಮರಿ ಹತ್ತೋಕಾಗಲ್ಲ. ಬಾತು, ನಾಮದ ಕೋಳಿಯ ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ನೀರಿಗಿಳಿಯುತ್ತವೆ, ಆದರೆ ಮೈ ಒಣಗಿಸಿಕೊಳ್ಳೋಕೆ ವಾಪಸ್ ಹತ್ತಲೇಬೇಕು.

ಖರ್ಚು, ಒಂದು ತೆಪ್ಪಕ್ಕೆ:

4 ಇಂಚಿನ ಪೈಪು, 20 ಅಡಿಯದು 3: ₹3,150
ಕ್ಯಾಪ್ 12: ₹720
ಪಿವಿಸಿ ಅಂಟು: ₹180
ಬಿದಿರು 8: ₹960
ನಾರಿನ ಚಾಪೆ: ₹900
ಬಿಡಿ ನಾರು, ತೆಂಗಿನ ಹುರಿ: ₹300
ನೈಲಾನ್ ಹಗ್ಗ: ₹650
ಸಿಮೆಂಟ್ ಒಂದು ಮೂಟೆ: ₹400
ಕೊಂಡಿ, ಬಳೆ, ತಂತಿ: ₹240
ಒಟ್ಟು: ₹7,500

ಮರಳು, ಜಲ್ಲಿ ಒಬ್ಬರ ಮನೆ ಕೆಲಸದಲ್ಲಿ ಉಳಿದಿದ್ದು. ಕೂಲಿ ಇಲ್ಲ, ನಾವೇ ಮಾಡಿದ್ದು. ಬಿದಿರು, ನಾರಿನ ತೂಕವೂ ಸೇರಿ ಇದು ಸುಮಾರು 150 ಕೆಜಿ ತಾಳುತ್ತೆ. ಇಬ್ಬರು ಹತ್ತಿ ನಿಂತು ನೋಡಿದೆವು, ಮುಳುಗಲಿಲ್ಲ.

ಲಂಗರು

ಇದನ್ನು ಬಿಡಿಸಿ ಬರೆಯುತ್ತೇನೆ, ಏಕೆಂದರೆ ನೀರು ಏರಿಳಿಯುವ ಕೆರೆಯಲ್ಲಿ ತೆಪ್ಪ ಉಳಿಯೋದೂ ಹೋಗೋದೂ ಇದರ ಮೇಲೇ. ಖಾಲಿ 20 ಲೀಟರ್ ಪೇಂಟ್ ಬಕೆಟ್ ಎರಡಕ್ಕೆ ಕಾಂಕ್ರೀಟ್ ತುಂಬಿ ಮಧ್ಯೆ ಕಬ್ಬಿಣದ ಕೊಂಡಿ ನಿಲ್ಲಿಸಿದೆವು, ಗಟ್ಟಿಯಾದ ಮೇಲೆ ಬಕೆಟ್ ಕತ್ತರಿಸಿ ತೆಗೆದೆವು. ಒಂದೊಂದು 45 ಕೆಜಿ ಆಗುತ್ತೆ, ನೀರಲ್ಲಿ ಮುಳುಗಿದಾಗ ಅದರ ಹಿಡಿತ 26 ಕೆಜಿಯಷ್ಟೇ. ಎದುರುಬದುರು ಮೂಲೆಗೆ ಒಂದೊಂದು ಹಾಕಿದರೆ ತೆಪ್ಪ ಸುತ್ತುವುದಿಲ್ಲ.

ಹಗ್ಗವನ್ನು ತೆಪ್ಪಕ್ಕೆ ಕಟ್ಟಲಿಲ್ಲ. ಲಂಗರಿನಿಂದ ಬಂದ ಹಗ್ಗವನ್ನು ಮೂಲೆಯಲ್ಲಿರುವ ಬಳೆಯೊಳಗೆ ತೂರಿಸಿ, ಆಚೆ ತುದಿಗೆ 5 ಕೆಜಿ ಕಲ್ಲು ಕಟ್ಟಿ ನೀರಲ್ಲಿ ನೇತಾಡೋಕೆ ಬಿಟ್ಟೆವು. ನೀರು ಏರಿದರೆ ಕಲ್ಲು ಮೇಲೆ ಬರುತ್ತೆ, ನೀರು ಇಳಿದರೆ ಕಲ್ಲು ಕೆಳಗೆ ಹೋಗುತ್ತೆ, ಹಗ್ಗ ಯಾವಾಗಲೂ ಬಿಗಿ. ಹರಿಗೋಲು ನಡೆಸುವ ಅಣ್ಣನ ಐಡಿಯಾ ಇದು. "ಬಾವಿಗೆ ಕೊಡ ಬಿಟ್ಟಂಗೆ ಬಿಡಪ್ಪ ಅದನ್ನ, ತಾನೇ ಸರಿ ಮಾಡ್ಕೊಳ್ತದೆ" ಅಂದರು. ಹಗ್ಗದ ಅಳತೆಗೆ ಮೊದಲು ಬರೆದುಕೊಂಡ 12 ಅಡಿ, 8 ಅಡಿ ಇಲ್ಲಿ ಕೆಲಸಕ್ಕೆ ಬಂತು. ಕೆರೆ ತುಂಬಿದಾಗ ಕಲ್ಲು ಬಳೆಯಿಂದ 2 ಅಡಿ ಕೆಳಗಿರಬೇಕು. ಆಗ ಬೇಸಿಗೆಯಲ್ಲಿ 6 ಅಡಿಗೆ ಇಳಿಯುತ್ತೆ, ತಳಕ್ಕೆ ಇನ್ನೂ 2 ಅಡಿ ಉಳಿದಿರುತ್ತೆ. ಕಲ್ಲು ತಳ ಮುಟ್ಟಿದರೆ ಹಗ್ಗ ಸಡಿಲ, ಮತ್ತೆ ಮೊದಲಿನ ಕಥೆ. ಆಷಾಢದ ಗಾಳಿ ಜೋರಾಗಿ ಬೀಸಿದಾಗಲೂ ತೆಪ್ಪ ಜಾಗ ಬಿಡಲಿಲ್ಲ.

ಫೆಬ್ರವರಿ, ಮಾರ್ಚ್: ಗಿಡ, ಬಲೆ, ಮುಳ್ಳು

ನೆಟ್ಟಿದ್ದು ಜೊಂಡು, ಲಾವಂಚ, ಅಂಚಿಗೆ ಹೊನಗೊನ್ನೆ. ಜೊಂಡನ್ನು ಬುಡದಿಂದ ಒಂದೂವರೆ ಅಡಿ ಉಳಿಸಿ ಕತ್ತರಿಸಿ, ಗೆಡ್ಡೆ ಸಮೇತ ನಾರಿನೊಳಗೆ ಸಿಕ್ಕಿಸಿದರೆ ಸಾಕು. ನಮ್ಮ ಕೆರೆಯ ಕಾಲುವೆಯಿಂದಲೇ ತಂದಿದ್ದು. ಬೇರೆ ಕೆರೆಯಿಂದ ತರಬೇಡಿ, ಅದರ ಜೊತೆ ಹಯಸಿಂತ್ ಕಳೆಯ ಒಂದು ತುಂಡು ಬಂದರೂ ಸಾಕು, ಕೆರೆ ಪೂರ್ತಿ ಮುಚ್ಚುತ್ತೆ.

ನಾರು ಕೆಳಗೆ ಉದುರದಿರಲಿ ಅಂತ ಶುರುವಿನಲ್ಲಿ ಚಾಪೆಯ ಕೆಳಗೆ ನೈಲಾನ್ ಬಲೆ ಹಾಕಿದ್ದೆವು. ಕೆಲವು ದಿನಕ್ಕೆ ಒಂದು ನೀರುಹಾವು ಅದರಲ್ಲಿ ಸಿಕ್ಕಿ ಸತ್ತಿತ್ತು. ಹಾವಿಗೆ ಆಗಿದ್ದು ಗುಳುಮುಳುಕಕ್ಕೂ ಆಗುತ್ತಿತ್ತು. ತೆಪ್ಪವನ್ನು ದಡಕ್ಕೆ ಎಳೆದು ತಂದು, ಬಲೆ ಪೂರ್ತಿ ಕತ್ತರಿಸಿ ತೆಗೆದು, ಅದರ ಜಾಗಕ್ಕೆ ತೆಂಗಿನ ಹುರಿಯಿಂದ ನಾಲ್ಕು ಇಂಚಿಗೊಂದು ಗಂಟು ಹಾಕಿದ ಜಾಲರಿ ಹೆಣೆದೆವು. ಇಡೀ ಕೆಲಸದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ತೆಪ್ಪಕ್ಕೆ ಯಾವ ತರಹದ ಪ್ಲಾಸ್ಟಿಕ್ ಬಲೆಯನ್ನೂ ಹಾಕಬೇಡಿ.

ಜೊಂಡು ಚಿಗುರಿದ ತಕ್ಷಣ ನೇರಳೆ ಜಂಬುಕೋಳಿಗಳು ಬಂದವು. ಉದ್ದ ಬೆರಳಿನಲ್ಲಿ ಎಳೆ ಜೊಂಡನ್ನು ಹಿಡಿದು, ಸಿಗಿದು, ಒಳಗಿನ ಬಿಳಿ ತಿರುಳು ತಿನ್ನೋದು ಅವುಗಳ ಇಷ್ಟದ ಊಟ. ಅರ್ಧ ತೆಪ್ಪ ಬೋಳಾಯಿತು. ಹಕ್ಕಿ ಬಂದಿದ್ದು ಖುಷಿಯೇ, ಆದರೆ ಬೇರು ಹಿಡಿಯೋಕೆ ಮುಂಚೆ ಹೀಗಾದರೆ ಗಿಡ ಉಳಿಯಲ್ಲ. ಬಳ್ಳಾರಿ ಜಾಲಿಯ ಮುಳ್ಳು ಕೊಂಬೆ ಹೊದಿಸಿ ಎರಡು ತಿಂಗಳು ಬಿಟ್ಟೆವು. ಬೇರು ಚಾಪೆ ದಾಟಿ ನೀರಿಗೆ ಇಳಿದ ಮೇಲೆ ಮುಳ್ಳು ತೆಗೆದೆವು. ಈಗ ಎಷ್ಟು ತಿಂದರೂ ಮತ್ತೆ ಚಿಗುರುತ್ತೆ.

ಏಪ್ರಿಲ್, ಮೇ: ದಡ ಇಳಿಸಿದ್ದು

ತೆಪ್ಪ ಎಷ್ಟೇ ಚೆನ್ನಾಗಿದ್ದರೂ ಅದು 60 ಚದರಡಿ ಜಾಗ. ಗೊರವಗಳು, ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ, ಕೆಂಬರಲು, ಬಾಯ್ಕಳಕ, ಬಣ್ಣದ ಕೊಕ್ಕರೆ ಇವ್ಯಾವುದಕ್ಕೂ ತೆಪ್ಪದಿಂದ ಹೊಟ್ಟೆ ತುಂಬಲ್ಲ. ಇವಕ್ಕೆ ಬೇಕಿರೋದು ಬೆರಳುದ್ದದಿಂದ ಮೊಳದುದ್ದದವರೆಗಿನ ತೆಳು ನೀರು, ಪಕ್ಕದಲ್ಲಿ ಕೆಸರು. ಅದನ್ನು ಕೊಡೋದು ಇಳಿಜಾರು ದಡ ಮಾತ್ರ. ತೆಪ್ಪ ನೋಡೋಕೆ ಚೆಂದ, ಫೋಟೋಗೂ ಚೆಂದ. ಆದರೆ ನಿಮ್ಮ ಹತ್ತಿರ ಒಂದೇ ಕೆಲಸಕ್ಕೆ ದುಡ್ಡಿದ್ದರೆ ದಡಕ್ಕೆ ಹಾಕಿ.

ಏರಿಯನ್ನು ಮುಟ್ಟಲೇಬಾರದು, ಅದು ಕೆರೆಯ ಜೀವ. ನಾವು ಆರಿಸಿದ್ದು ಎದುರು ಕಡೆಯ ಕೆರೆ ಅಂಗಳ. 200 ಅಡಿ ಉದ್ದ, 5 ಅಡಿ ಎತ್ತರದ ಕಡಿದಾದ ಅಂಚು. ಇಳಿಜಾರು 1ಕ್ಕೆ 10, ಅಂದರೆ 5 ಅಡಿ ಇಳಿಯೋಕೆ 50 ಅಡಿ ದೂರ. ಯಾಕೆ ಇಷ್ಟು ಚಪ್ಪಟೆ? ಚಳಿಗಾಲದಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರ್ ನೀರು ಇಳಿಯಿತು ಅಂದುಕೊಳ್ಳಿ. ಈ ಇಳಿಜಾರಿನಲ್ಲಿ ಪ್ರತಿದಿನ 5 ಸೆಂಟಿಮೀಟರ್ ಅಗಲದ ಹೊಸ ಕೆಸರು ಇಡೀ ದಡದುದ್ದಕ್ಕೂ ಹೊರಬರುತ್ತೆ, ಅದರಲ್ಲಿ ಹುಳ ಇರುತ್ತೆ. ನೆಟ್ಟಗೆ ಕಡಿದ ದಡದಲ್ಲಿ ಏನೂ ಬರಲ್ಲ, ನೀರು ಸುಮ್ನೆ ಕೆಳಗೆ ಹೋಗುತ್ತೆ ಅಷ್ಟೇ. ದೂರದ ದೇಶಗಳಿಂದ ಅಕ್ಟೋಬರ್ ಹೊತ್ತಿಗೆ ಬಂದು ಮಾರ್ಚ್‌ವರೆಗೆ ಇರುವ ಗೊರವಗಳು ಬದುಕೋದು ಈ ದಿನದಿನದ ಕೆಸರಿನ ಮೇಲೆ.

ರೈತರ ಆತಂಕ ಬೇರೆ ಇತ್ತು. "ಮಣ್ಣು ತುಂಬಿಸಿ ಕೆರೆ ಚಿಕ್ಕದು ಮಾಡ್ತೀರೇನಪ್ಪ?" ಅಂತ ಒಬ್ಬರು ಅಜ್ಜ ಕೇಳಿದರು. ಹೊರಗಿನಿಂದ ಒಂದು ಬುಟ್ಟಿ ಮಣ್ಣೂ ತರಲಿಲ್ಲ. ಅಂಚಿನಿಂದ 25 ಅಡಿ ಹಿಂದಕ್ಕೆ ಗೂಟ ನೆಟ್ಟು, ಅಲ್ಲಿಂದ ಓರೆಯಾಗಿ ಕಡಿದು, ಕಡಿದ ಮಣ್ಣನ್ನೇ ಮುಂದೆ 25 ಅಡಿಯವರೆಗೆ ತಳ್ಳಿದೆವು. ಮೇಲೆ ಎಷ್ಟು ಜಾಗ ಹುಟ್ಟಿತೋ ಕೆಳಗೆ ಅಷ್ಟೇ ತುಂಬಿತು, ಕೆರೆ ಹಿಡಿಯುವ ನೀರು ಅಷ್ಟೇ ಇರುತ್ತೆ. ಗೂಟಕ್ಕೆ ಅಳತೆ ಹಾಕಿ ತೋರಿಸಿದ ಮೇಲೆ ಅಜ್ಜ ಒಪ್ಪಿದರು. ಎಮ್ಮೆ ನೀರಿಗಿಳಿಯುವ ದಾರಿಗೆ 30 ಅಡಿ ಬಿಟ್ಟುಕೊಟ್ಟೆವು. ದನ ಎಮ್ಮೆ ಮೇಯುವುದರಿಂದ ಹುಲ್ಲು ಎತ್ತರ ಬೆಳೆಯಲ್ಲ, ಗೊರವ, ಸಿಪಿಲೆಗಳಿಗೆ ಅಂಥ ಬಯಲು ಅಂಚೇ ಹಿಡಿಸುತ್ತೆ.

ಮಟ್ಟ ನೋಡಿದ್ದು ಮೇಸ್ತ್ರಿಗಳ ಲೆವೆಲ್ ಪೈಪಿನಿಂದ, ಗೆರೆ ಹಾಕಿದ್ದು ಸುಣ್ಣದ ಪುಡಿಯಿಂದ. ಜೆಸಿಬಿ ಗಂಟೆಗೆ ₹1,200, ಒಟ್ಟು 12 ಗಂಟೆ, ₹14,400.

ಜೆಸಿಬಿ ಬರುವ ಮುಂಚೆ ಇಡೀ ಜಾಗವನ್ನು ನಿಧಾನವಾಗಿ ನಡೆದು ನೋಡಲೇಬೇಕು. ನಮ್ಮ ಗೆರೆಯ ಮೇಲೇ ಟಿಟ್ಟಿಭದ ಗೂಡು ಸಿಕ್ಕಿತು. ಗೂಡು ಅಂದರೆ ಬರೀ ನೆಲ, ಸುತ್ತ ನಾಲ್ಕು ಕಲ್ಲು ಚೂರು, ಮಣ್ಣಿನ ಬಣ್ಣದ ಮೊಟ್ಟೆಗಳು. ತಾಯಿ ತಲೆಯ ಮೇಲೆ ಕೂಗುತ್ತಾ ಸುತ್ತದಿದ್ದರೆ ಕಾಣುತ್ತಲೇ ಇರಲಿಲ್ಲ. ಸುತ್ತ 30 ಅಡಿ ಕಲ್ಲು ಜೋಡಿಸಿ ಗುರುತು ಮಾಡಿ, ಆ ತುಂಡನ್ನು ಬಿಟ್ಟು ಉಳಿದ ಕಡೆ ಕೆಲಸ ಮಾಡಿದೆವು. ಮೊಟ್ಟೆಯೊಡೆಯೋಕೆ ನಾಲ್ಕು ವಾರ ಬೇಕು, ಮರಿಗಳು ಒಡೆದ ಕೂಡಲೇ ಎದ್ದು ನಡೆಯುತ್ತವೆ. ಆ ಜಾಗ ಇನ್ನೂ ಹಾಗೇ ಇದೆ. 1972ರ ವನ್ಯಜೀವಿ ಕಾಯ್ದೆ ಗೂಡು, ಮೊಟ್ಟೆ ಹಾಳು ಮಾಡೋದನ್ನು ತಡೆಯುತ್ತೆ ಅನ್ನೋದು ಒಂದು ಕಡೆ ಇರಲಿ, ಹಕ್ಕಿಗಳಿಗಾಗಿ ಅಂತ ಹೊರಟವರು ಮೊದಲು ಉಳಿಸಬೇಕಾದ್ದು ಅಲ್ಲಿ ಈಗಾಗಲೇ ಇರುವ ಗೂಡನ್ನೇ ಅಲ್ವಾ?

ರೋಹಿಣಿ ಮಳೆ

ಜೆಸಿಬಿ ನಡೆಸಿದವರು ಕೊನೆಗೆ ಬಕೆಟ್ಟಿನಿಂದ ಮಣ್ಣನ್ನು ನಯವಾಗಿ ಎಳೆದು ಕೊಟ್ಟಿದ್ದರು. ನೋಡೋಕೆ ಚೊಕ್ಕವಾಗಿತ್ತು. ರೋಹಿಣಿ ಮಳೆ ಒಂದೇ ಸಂಜೆ ಜೋರಾಗಿ ಹೊಡೆದದ್ದೇ ತಡ, ಇಳಿಜಾರಿನಲ್ಲಿ ಅಲ್ಲಲ್ಲಿ ಕೊರಕಲು ಬಿತ್ತು, ಸಡಿಲ ಮಣ್ಣು ಕೊಚ್ಚಿ ಕೆರೆಗೆ ಹೋಯಿತು. ನಯವಾದ ಇಳಿಜಾರಿನ ಮೇಲೆ ನೀರಿಗೆ ತಡೆಯೇ ಇಲ್ಲ.

ಸರಿ ಮಾಡಿದ ರೀತಿ: ನಾರನ್ನು ಹುರಿ ಜಾಲರಿಯೊಳಗೆ ತುರುಕಿ ತೊಡೆ ಗಾತ್ರದ ಉರುಳೆಗಳನ್ನು ಮಾಡಿ, ಇಳಿಜಾರಿಗೆ ಅಡ್ಡಲಾಗಿ 12 ಅಡಿಗೊಂದು ಸಾಲು ಮಲಗಿಸಿ, ಬಿದಿರು ಗೂಟ ಹೊಡೆದೆವು. ಕೊರಕಲಿಗೆ ಕಲ್ಲು ತುಂಬಿದೆವು. ಉರುಳೆಯ ಮೇಲ್ಭಾಗದಲ್ಲಿ ಗರಿಕೆ ಹುಲ್ಲನ್ನು ಮಣ್ಣು ಸಮೇತ ಕಿತ್ತು ತಂದು ನೆಟ್ಟೆವು. ನಾರಿಗೆ, ಬಿದಿರಿಗೆ ಸೇರಿ ₹4,200 ಆಯಿತು. ನಯ ಮಾಡುವ ಬದಲು ಮೊದಲೇ ಗುದ್ದಲಿಯಿಂದ ಸಣ್ಣ ಗುಂಡಿ, ಸಣ್ಣ ದಿಬ್ಬ ಬಿಟ್ಟಿದ್ದರೆ ಇದರಲ್ಲಿ ಅರ್ಧ ಉಳಿಯುತ್ತಿತ್ತು. ಹಕ್ಕಿಗೂ ಅದೇ ಒಳ್ಳೆಯದು, ನೀರು ಇಳಿದ ಮೇಲೆ ಗುಂಡಿಯಲ್ಲಿ ಪುಡಿ ಮೀನು ಉಳಿಯುತ್ತೆ, ದಿಬ್ಬದ ಮೇಲೆ ಹಕ್ಕಿ ಕೂರುತ್ತೆ.

ಜುಲೈನಿಂದ ನವೆಂಬರ್: ಏನು ಬಂತು

ತೆಪ್ಪಕ್ಕೆ ಮೊದಲು ಬಂದಿದ್ದು ಕೊಳದ ಬಕ, ಆಮೇಲೆ ರೆಕ್ಕೆ ಒಣಗಿಸೋಕೆ ನೀರುಕಾಗೆ. ಬಿಸಿಲು ಕಾಯಿಸೋಕೆ ಆಮೆ ಹತ್ತುತ್ತೆ. ಮಳೆಗಾಲದಲ್ಲಿ ಗುಳುಮುಳುಕ ಓರೆ ತಟ್ಟಿಯ ಪಕ್ಕಕ್ಕೆ ಕೊಳೆತ ಎಲೆ ಒಟ್ಟಿ ಗೂಡು ಕಟ್ಟಿತು, ಎದ್ದು ಹೋಗುವಾಗ ಮೊಟ್ಟೆಯ ಮೇಲೆ ಎಲೆ ಮುಚ್ಚಿ ಹೋಗುತ್ತಿತ್ತು. ಮರಿಗಳು ತಾಯಿಯ ಬೆನ್ನ ಮೇಲೆ ಕೂತು ತಿರುಗಾಡಿದ್ದನ್ನು ಊರಿನ ಮಕ್ಕಳು ಏರಿಯ ಮೇಲಿಂದ ಬೈನಾಕ್ಯುಲರ್‌ನಲ್ಲಿ ನೋಡಿದರು. ಜಂಬುಕೋಳಿ ಜೊಂಡಿನ ನಡುವೆ ಗೂಡು ಮಾಡಿತು. ದೇವನಕ್ಕಿ ಬರಲಿಲ್ಲ. ಅದಕ್ಕೆ ನೀರಿನ ಮೇಲೆ ಹರಡಿದ ಎಲೆ ಬೇಕು, ಜೊಂಡು ಸಾಲದು. ದಡದ ಒಂದು ಮೂಲೆಗೆ ನೈದಿಲೆ ನೆಟ್ಟಿದ್ದೇವೆ, ಅದು ಹರಡಬೇಕು.

ದಡದಲ್ಲಿ ಬದಲಾವಣೆ ನಾವು ಅಂದುಕೊಂಡಿದ್ದಕ್ಕಿಂತ ಬೇಗ ಆಯಿತು. ಅಕ್ಟೋಬರ್ ಕೊನೆಗೆ ಗದ್ದೆ ಗೊರವ, ಹಳದಿ ಸಿಪಿಲೆ, ಮೆಟ್ಟುಗಾಲು ಹಕ್ಕಿ. ನವೆಂಬರ್‌ನಲ್ಲಿ ಬಾಯ್ಕಳಕಗಳು ಬಸವನಹುಳು ಹುಡುಕುತ್ತಾ ಸಾಲಾಗಿ ನಿಂತವು, ವರಟೆ ಮತ್ತು ಸಿಳ್ಳೆ ಬಾತು ಅಂಚಿನಲ್ಲೇ ಮೇಯತೊಡಗಿದವು. ಬಣ್ಣದ ಕೊಕ್ಕರೆ ಇನ್ನೂ ಬಂದಿಲ್ಲ. ಹಳೆಯ ಕಡಿದಾದ ದಡ ಪಕ್ಕದಲ್ಲೇ ಇದೆ, ಅಲ್ಲಿ ಒಂದು ಬೆಳ್ಳಕ್ಕಿಯೂ ಇಳಿಯಲ್ಲ. ಒಂದೇ ಕೆರೆ, ಒಂದೇ ನೀರು. ಇದಕ್ಕಿಂತ ದೊಡ್ಡ ಪುರಾವೆ ನನಗೆ ಬೇಡ. ಎಲ್ಲವನ್ನೂ ಹಕ್ಕಿ ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಹಾಕುತ್ತಿದ್ದೇವೆ, ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೂ ಈ ಸಲ ನಮ್ಮ ಕೆರೆ ಸೇರುತ್ತೆ.

ಕರ್ನಾಟಕದಲ್ಲಿ ಈಗ ನಾಲ್ಕು ರಾಮ್ಸಾರ್ ತಾಣಗಳಿವೆ, ಅಂದರೆ ಅಂತರರಾಷ್ಟ್ರೀಯ ಮಹತ್ವದವು ಅಂತ ಗುರುತಿಸಿದ ಜೌಗು, ನೀರಿನ ಜಾಗಗಳು. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಅಘನಾಶಿನಿ, ಗದಗ ಜಿಲ್ಲೆಯ ಮಾಗಡಿ ಕೆರೆ. ಇದರಲ್ಲಿ ಅಂಕಸಮುದ್ರವೂ ಮಾಗಡಿಯೂ ನೀರಾವರಿಗೆ ಅಂತ ಕಟ್ಟಿದ ಕೆರೆಗಳೇ. ಅಂಕಸಮುದ್ರದಲ್ಲಿ ನೀರೊಳಗೆ ನಿಂತ ಕರಿಜಾಲಿ ಮರಗಳ ಮೇಲೆ ಗೂಡುಗಳಿವೆ. ಮಾಗಡಿಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಕೆರೆಯಲ್ಲಿ ತಂಗಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಜಾಲಿ ಮರ ಕಡಿದು, ಅಂಚು ಕಡಿದು ಹೂಳೆತ್ತಿದ್ದರೆ ಈ ಕೆರೆಗಳಿಗೂ ನಮ್ಮ ಕೆರೆಯ ಗತಿಯೇ ಆಗುತ್ತಿತ್ತು.

ಬಾಕಿ ಇರುವುದು

ನೈಲಾನ್ ಹಗ್ಗ ಬಳೆಗೆ ಉಜ್ಜುವ ಜಾಗದಲ್ಲಿ ಸವೆದಿದೆ, ಅಲ್ಲಿಗೆ ಹಳೆಯ ನೀರಿನ ಪೈಪಿನ ತುಂಡು ತೊಡಿಸಬೇಕು. ಮೇಲಿನ ನಾರಿನ ಚಾಪೆ ಒಂದು ಕಡೆ ಕೊಳೆಯುತ್ತಿದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾಗುತ್ತೆ ಅನ್ನಿಸುತ್ತೆ. ಫೋಟೋ ತೆಗೆಯೋಕೆ ಹರಿಗೋಲಲ್ಲಿ ತೆಪ್ಪದ ಹತ್ತಿರ ಹೋಗುವವರು ಶುರುವಾಗಿದ್ದಾರೆ. ಗೂಡಿನಿಂದ ತಾಯಿ ಎದ್ದರೆ ಕಾಗೆ ಮೊಟ್ಟೆ ಒಯ್ಯುತ್ತೆ, ಅದಕ್ಕೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಆ ಕಡೆ ಹರಿಗೋಲು, ಡ್ರೋನ್ ಎರಡೂ ಬೇಡ ಅಂತ ಏರಿಯ ಮೇಲೆ ಬೋರ್ಡ್ ಹಾಕುತ್ತೇವೆ.

ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟಿದ್ದೇವೆ. ಮುಂದೆ ತಾಲ್ಲೂಕಿನಲ್ಲಿ ಯಾವ ಕೆರೆಯ ಹೂಳೆತ್ತುವ ಎಸ್ಟಿಮೇಟ್ ಮಾಡಿದರೂ ಮೂರು ಸಾಲು ಸೇರಿಸಬೇಕು ಅಂತ: ಕೆರೆ ಅಂಗಳದ ಕಡೆ ಅಂಚು 1ಕ್ಕೆ 10 ಇಳಿಜಾರು ಇರಬೇಕು, ಇರುವ ಜಾಲಿ ಮರ ಮತ್ತು ದಿಬ್ಬ ಮುಟ್ಟಬಾರದು, ಜೊಂಡಿನಲ್ಲಿ ಮೂರನೇ ಒಂದು ಭಾಗ ಉಳಿಸಬೇಕು. ಜೆಸಿಬಿ ಕೆರೆಯಲ್ಲಿ ಇರುವಾಗಲೇ ಮಾಡಿದರೆ ಇದಕ್ಕೆ ಬೇರೆ ಖರ್ಚು ಹೆಚ್ಚೇನೂ ಬರಲ್ಲ. ಆಮೇಲೆ ಸರಿ ಮಾಡೋಕೆ ನಮಗೆ 200 ಅಡಿಗೆ ₹18,600 ಬಿದ್ದಿದೆ. ಅರ್ಜಿಯ ಜೊತೆ ಎರಡು ದಡದ ಫೋಟೋ ಅಕ್ಕಪಕ್ಕ ಅಂಟಿಸಿ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ, ಗ್ರಾಮಸಭೆಯಲ್ಲಿ ಮತ್ತೆ ಕೇಳುತ್ತೇವೆ.

ಉಳಿದ ದಡಕ್ಕೆ ಮುಂದಿನ ಏಪ್ರಿಲ್‌ನಲ್ಲಿ ಜೆಸಿಬಿ ಹೇಳಿದ್ದೇವೆ. ಈ ಸಲ ಗುಂಡಿ ದಿಬ್ಬ ಬಿಟ್ಟೇ ಕೆಲಸ ಮಾಡಿಸುತ್ತೇವೆ, ನಾರಿನ ಉರುಳೆ ಮೊದಲೇ ಕಟ್ಟಿಟ್ಟುಕೊಳ್ಳುತ್ತೇವೆ, ಮಾರ್ಚ್‌ನಿಂದಲೇ ಟಿಟ್ಟಿಭದ ಗೂಡು ಎಲ್ಲಿದೆ ಅಂತ ನೋಡೋಕೆ ಶುರು ಮಾಡುತ್ತೇವೆ.